ಟಿಪ್ ಸತ್ತದ್ದು ಯಾವಾಗ?

ನನ್ನ ಟೇಬಲ್ ಡ್ರಾಯರ್‌ನಲ್ಲಿ ಒಂದು ಒಗ್ಗರಣೆ ಡಬ್ಬಿ ಇದೆ. ಸಾಸಿವೆ, ಜೀರಿಗೆ ಇಡುವ ಏಳು ಬಟ್ಟಲಿನ ಹಳೇ ಸ್ಟೀಲ್ ಡಬ್ಬಿ. ಮನೆಗೆ ಹೊಸದು ಬಂದಾಗ ಇದನ್ನು ಕಾಲೇಜಿಗೆ ತಂದಿಟ್ಟುಕೊಂಡೆ. ಈಗ ಆ ಬಟ್ಟಲುಗಳಲ್ಲಿ ಇರುವುದು ಕಾರ್ಬೈಡ್ ಟಿಪ್‌ಗಳು. ಎಲ್ಲವೂ ಸವೆದವು. ಒಂದೊಂದನ್ನೂ ಸಣ್ಣ ಚೀಟಿಯಲ್ಲಿ ಸುತ್ತಿ, ಮೇಲೆ ತಾರೀಖು, ಮೂಲೆಯ ನಂಬರು, ಎಷ್ಟು ನಿಮಿಷ ಓಡಿತು ಅಂತ ಬರೆದಿದೆ. ಬರುವ ಜೂನ್‌ಗೆ ನನಗೆ ಅರವತ್ತು ತುಂಬುತ್ತದೆ, ಕ್ಯಾಬಿನ್ ಖಾಲಿ ಮಾಡಬೇಕು. ಪುಸ್ತಕಗಳನ್ನು ಲೈಬ್ರರಿಗೆ ಕೊಟ್ಟಾಯಿತು. ಈ ಡಬ್ಬಿ ಮಾತ್ರ ಇನ್ನೂ ನನ್ನ ಹತ್ತಿರವೇ ಇದೆ.

ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಲೇತ್‌ನಲ್ಲಿ ಉಕ್ಕಿನ ಶಾಫ್ಟ್ ಗರಗರ ತಿರುಗುತ್ತಿರುತ್ತದೆ. ಅದನ್ನು ಕೆತ್ತುವ ಹೋಲ್ಡರ್‌ನ ತುದಿಯಲ್ಲಿ ಕೂತಿರುವ, ಉಗುರಿನಷ್ಟು ದೊಡ್ಡ ಚೂರೇ ಟಿಪ್. ಇನ್ಸರ್ಟ್ ಅಂತಲೂ ಕರೆಯುತ್ತಾರೆ. ಟಂಗ್‌ಸ್ಟನ್ ಕಾರ್ಬೈಡ್ ಪುಡಿಯನ್ನು ಕೋಬಾಲ್ಟ್ ಜೊತೆ ಒತ್ತಿ, ಕಾಯಿಸಿ ಮಾಡಿದ್ದು. ನಾವು ಜಾಸ್ತಿ ಬಳಸಿದ್ದು ಸಿಎನ್‌ಎಂಜಿ ಅನ್ನುವ ಜಾತಿ. ನೋಡಲು ಥೇಟ್ ಶಂಕರಪೋಳಿ. ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು ಮೂಲೆ ಕೆಲಸಕ್ಕೆ ಬರುತ್ತವೆ. ಒಂದು ಸವೆದರೆ ಬಿಚ್ಚಿ, ತಿರುಗಿಸಿ, ಇನ್ನೊಂದನ್ನು ಮುಂದೆ ಮಾಡಿ ಕೂರಿಸುವುದು. ಮೂಲೆಯ ಪಕ್ಕದ ಸವೆತ 0.3 ಮಿಲಿಮೀಟರ್ ಮುಟ್ಟಿದರೆ ಆ ಮೂಲೆಯ ಆಯುಷ್ಯ ಮುಗಿಯಿತು ಅಂತ ಲೆಕ್ಕ. ಆಮೇಲೂ ಓಡಿಸಿದರೆ ಜಾಬ್, ಅಂದರೆ ಕೆತ್ತುತ್ತಿರುವ ಶಾಫ್ಟ್, ಕೆಡುತ್ತದೆ, ಇಲ್ಲಾ ಟಿಪ್ ಒಡೆದು ಹೋಲ್ಡರ್ ಸಮೇತ ಹೋಗುತ್ತದೆ. ಮೊದಲೇ ತೆಗೆದರೆ ದುಡ್ಡು ದಂಡ.

ನನ್ನ ಸರ್ವಿಸ್ ಹೋದದ್ದು ಈ ಒಂದೇ ಪ್ರಶ್ನೆಯ ಹಿಂದೆ. ಮಷಿನ್ ನಿಲ್ಲಿಸದೆ, ಟಿಪ್ ಬಿಚ್ಚದೆ, ಅದು ಸತ್ತದ್ದು ಯಾವಾಗ ಅಂತ ತಿಳಿಯುವುದು ಹೇಗೆ?

ನಾನು ಲೆಕ್ಚರರ್ ಆಗಿ ಸೇರಿದ್ದು 1991ರಲ್ಲಿ. ಆಗಿನ್ನೂ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಇರಲಿಲ್ಲ, ಅದು ಬಂದದ್ದು 1998ರಲ್ಲಿ. ನಮ್ಮ ಕಡೆಯ ಇಂಜಿನಿಯರಿಂಗ್ ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯದ ಕೆಳಗಿದ್ದವು. ಹುಬ್ಬಳ್ಳಿ ವಿದ್ಯಾನಗರದ ಭೂಮರಡ್ಡಿ ಕಾಲೇಜು 1947ರದ್ದು, ಧಾರವಾಡದ ಎಸ್‌ಡಿಎಂ 1979ರದ್ದು. ಧಾರವಾಡಕ್ಕೆ ಐಐಟಿ ಬರಲು ಇನ್ನೂ ಇಪ್ಪತ್ತೈದು ವರ್ಷ ಇತ್ತು. ರಿಸರ್ಚ್ ಅನ್ನುವುದು ಬೆಂಗಳೂರು, ಚೆನ್ನೈ, ಮುಂಬೈಯವರ ಕೆಲಸ, ನಮ್ಮದು ಪಾಠ ಮಾಡುವುದು ಅಂತ ನಾವೇ ನಂಬಿದ್ದೆವು.

ಸೇರಿದ ಮೊದಲ ವಾರ ಕ್ಲಾಸಿನಲ್ಲಿ ಟೇಲರ್ ಸೂತ್ರ ಹೇಳಿಕೊಟ್ಟಿದ್ದೆ. ಎಫ್. ಡಬ್ಲ್ಯೂ. ಟೇಲರ್ ಅನ್ನುವ ಅಮೆರಿಕದ ಇಂಜಿನಿಯರ್ ಇಪ್ಪತ್ತಾರು ವರ್ಷ ಬರೀ ಲೋಹ ಕೆತ್ತುವುದರ ಮೇಲೆ ಪ್ರಯೋಗ ಮಾಡಿದ. 8 ಲಕ್ಷ ಪೌಂಡಿಗೂ ಹೆಚ್ಚು ಕಬ್ಬಿಣ, ಉಕ್ಕನ್ನು ಪ್ರಯೋಗಕ್ಕೆಂದೇ ಕೆತ್ತಿ ಹಾಕಿದ. ಅಂದರೆ ಮುನ್ನೂರ ಅರವತ್ತು ಟನ್‌ನಷ್ಟು. ಅವನ ಲೆಕ್ಕ ಇಷ್ಟೇ: ಕೆತ್ತುವ ವೇಗ ಏರಿಸಿದರೆ ಟೂಲ್‌ನ ಆಯುಷ್ಯ ಬೀಳುತ್ತದೆ, ಅದೂ ಸುಮ್ನೆ ಬೀಳುವುದಿಲ್ಲ. ಕಾರ್ಬೈಡ್‌ಗೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕದಲ್ಲಿ ವೇಗವನ್ನು ಶೇಕಡಾ 20 ಹೆಚ್ಚಿಸಿದರೆ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ. ಎರಡು ಪಟ್ಟು ಮಾಡಿದರೆ ಹದಿನಾರನೇ ಒಂದು ಭಾಗ ಉಳಿಯುತ್ತದೆ.

ಪಾಠ ಮುಗಿಸಿ ಅದೇ ಹುರುಪಿನಲ್ಲಿ ವರ್ಕ್‌ಶಾಪ್‌ಗೆ ಹೋದೆ. ಅಲ್ಲಿ ಒಬ್ಬರು ಇನ್‌ಸ್ಟ್ರಕ್ಟರ್ ಇದ್ದರು. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್‌ನಲ್ಲಿ ಅಪ್ರೆಂಟಿಸ್ ಮಾಡಿ ಬಂದವರು. ಎಲ್ಲರೂ ಅವರನ್ನು ಕಾಕಾ ಅಂತ ಕರೆಯುತ್ತಿದ್ದರು. ನಾನು ಹುಡುಗರಿಗೆ ಲೇತ್ ತೋರಿಸುತ್ತಿದ್ದೆ. ಕಾಕಾ ನಾಲ್ಕು ಮಾರು ದೂರದಲ್ಲಿ ಫೈಲ್ ಹಿಡಿದು ನಿಂತಿದ್ದವರು ತಿರುಗಿ ನೋಡದೇ ಹೇಳಿದರು:

"ಸರ್ರ, ಅದು ಹೋತ್ರಿ. ಮೂಲಿ ತಿರಗ್ಸಿ ಹಾಕ್ರಿ."

ಬಿಚ್ಚಿ ನೋಡಿದೆ. ಕಣ್ಣಿಗೆ ಏನೂ ಕಾಣಲಿಲ್ಲ. ಮೈಕ್ರೋಸ್ಕೋಪ್ ಕೆಳಗೆ ಇಟ್ಟೆ. ಮೂಲೆಯ ಪಕ್ಕದಲ್ಲಿ ಬೆಳ್ಳಿಯ ದಾರದ ಹಾಗೆ ಹೊಳೆಯುವ ಒಂದು ಪಟ್ಟಿ. ಅಳೆದರೆ 0.3 ದಾಟಿತ್ತು.

"ಹೆಂಗ ಗೊತ್ತಾತ್ರಿ ಕಾಕಾ?"

"ಸಪ್ಪಳ ಬ್ಯಾರೆ ಆತಲ್ರಿ."

ಅಷ್ಟೇ ಮಾತು. ಆ ಸಪ್ಪಳದಲ್ಲಿ ಏನಿತ್ತು ಅಂತ ಹುಡುಕುವುದಕ್ಕೇ ನಾನು ಪಿಎಚ್‌ಡಿಗೆ ಹೋದೆ.

ಕ್ಯುಐಪಿ ಅನ್ನುವ ಸ್ಕೀಮ್‌ನಲ್ಲಿ ಚೆನ್ನೈಗೆ ಮೂರು ವರ್ಷ. ಕೆಲಸದಲ್ಲಿದ್ದ ಮೇಷ್ಟ್ರುಗಳಿಗೆ ರಜೆ ಕೊಟ್ಟು ಪಿಎಚ್‌ಡಿ ಮಾಡಿಸುವ ಏರ್ಪಾಡು ಅದು. ಹೆಂಡತಿ, ಮಗು ಧಾರವಾಡದಲ್ಲಿ. ಅಲ್ಲಿ ನಾನು ಮೊದಲ ಸಲ ನ್ಯೂರಲ್ ನೆಟ್‌ವರ್ಕ್ ಅನ್ನುವ ಮಾತು ಕೇಳಿದೆ. ಉದಾಹರಣೆಗಳನ್ನು ನೋಡಿ ತಾನೇ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ ಅದು. ತಪ್ಪನ್ನು ಹಿಂದಕ್ಕೆ ಹಂಚಿ ನೆಟ್‌ವರ್ಕ್‌ಗೆ ಕಲಿಸುವ ವಿಧಾನದ ಬಗ್ಗೆ ರುಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಬರೆದ ಪ್ರಬಂಧ 1986ರಲ್ಲಿ ಬಂದಿತ್ತು. ಅದು ನಮ್ಮ ಕೈಗೆ ಬರುವ ಹೊತ್ತಿಗೆ ಹತ್ತು ವರ್ಷ ಕಳೆದಿತ್ತು. ಸಿ ಭಾಷೆಯಲ್ಲಿ ನಾನೇ ಪ್ರೋಗ್ರಾಂ ಬರೆದು, ಫ್ಲಾಪಿಯಲ್ಲಿ ಹಾಕಿಕೊಂಡು ಓಡಾಡಿದ್ದೇನೆ. ರಾತ್ರಿ ಓಡಿಸಿಟ್ಟು ಹೋದರೆ ಬೆಳಿಗ್ಗೆ ಉತ್ತರ.

ಈಗ ಹಿಂತಿರುಗಿ ನೋಡಿದರೆ ಆ ಕಾಲದ ಕೆಲಸದ ಒಂದು ವಿಷಯ ನನ್ನನ್ನು ಕಾಡುತ್ತದೆ. ನಮ್ಮ ಕ್ಷೇತ್ರದಲ್ಲಿ ವೇಗ, ಫೀಡ್ (ಶಾಫ್ಟ್ ಒಂದು ಸುತ್ತು ತಿರುಗುವಷ್ಟರಲ್ಲಿ ಟಿಪ್ ಮುಂದೆ ಸರಿಯುವ ದೂರ), ಕೆತ್ತುವ ಆಳ, ಈ ಮೂರನ್ನು ಮೂರು ಮೂರು ಹಂತದಲ್ಲಿ ಬದಲಿಸಿ ಪ್ರಯೋಗ ಮಾಡುವುದು ರೂಢಿ. ಎಲ್ಲ ಜೋಡಣೆ ಸೇರಿದರೆ 27 ಪ್ರಯೋಗ. ಜಪಾನಿನ ಗೆನಿಚಿ ಟಗುಚಿ ಬಳಕೆಗೆ ತಂದ ಕೋಷ್ಟಕ ಹಿಡಿದರೆ 9ರಲ್ಲೇ ಮುಗಿಯುತ್ತದೆ. ಉಕ್ಕು, ಟಿಪ್ ಎರಡೂ ದುಬಾರಿ ಇದ್ದ ನಮ್ಮಂಥ ಕಾಲೇಜುಗಳಿಗೆ ಟಗುಚಿ ದೇವರ ಹಾಗೆ ಬಂದರು. ಅದರಲ್ಲಿ ತಪ್ಪೇನಿಲ್ಲ. ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. ಆ 27 ಸಾಲುಗಳನ್ನು ತೆಗೆದುಕೊಂಡು ಹೋಗಿ ನ್ಯೂರಲ್ ನೆಟ್‌ವರ್ಕ್‌ಗೆ ಹಾಕುತ್ತಿದ್ದೆವು. ಮೂರು ಇನ್‌ಪುಟ್, ನಡುವೆ ಹತ್ತು ನ್ಯೂರಾನ್, ಒಂದು ಔಟ್‌ಪುಟ್. ಕೂತು ಎಣಿಸಿದರೆ ಅದರೊಳಗೆ ಹೊಂದಿಸಬೇಕಾದ ಅಂಕಿಗಳೇ 51. ನಮ್ಮ ಕೈಲಿರುವ ಅಳತೆಗಳು 27. ಅಳತೆಗಿಂತ ಅಂಕಿ ಜಾಸ್ತಿ ಇದ್ದರೆ ನೆಟ್‌ವರ್ಕ್ ಕಲಿಯುವುದಿಲ್ಲ, ಬಾಯಿಪಾಠ ಮಾಡುತ್ತದೆ. ಗ್ರಾಫ್ ಮಾತ್ರ ಬಹಳ ಚೆಂದ ಬರುತ್ತದೆ. ಅಂಥ ಎರಡು ಪೇಪರ್‌ಗಳ ಮೇಲೆ ನನ್ನ ಹೆಸರಿದೆ. ಅವನ್ನು ಯಾರಾದರೂ ಉದಾಹರಿಸಿದರೆ ಇವತ್ತಿಗೂ ಮನಸ್ಸಿಗೆ ನೋವಾಗುತ್ತದೆ.

ವಾಪಸ್ ಬಂದ ಮೇಲಿನ ಹದಿನೈದು ವರ್ಷ ಬೇಗ ಹೋಯಿತು. ಸಿಲೆಬಸ್, ಅಕ್ರೆಡಿಟೇಶನ್ ಫೈಲು, ಎಕ್ಸಾಮ್ ಡ್ಯೂಟಿ. ನಡುವೆ 3ಡಿ ಪ್ರಿಂಟರ್ ಬಂತು. ಪ್ಲಾಸ್ಟಿಕ್ ದಾರ ಕರಗಿಸಿ ಪದರ ಪದರವಾಗಿ ಕಟ್ಟುವ ವಿಧಾನದ ಮೂಲ ಪೇಟೆಂಟ್ 2009ರಲ್ಲಿ ಮುಗಿದ ಮೇಲೆ ಆ ಮಷಿನ್‌ಗಳ ಬೆಲೆ ಇಳಿಯಿತು, ನಮಗೂ ಒಂದು ಸಿಕ್ಕಿತು. ಲೋಹದ ಪುಡಿಯನ್ನು ಲೇಸರ್‌ನಿಂದ ಕರಗಿಸಿ ಕಟ್ಟುವ ದೊಡ್ಡ ಮಷಿನ್ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಅಲ್ಲಿ ಒಂದು ಪದರ ಅಂದರೆ ಮೂವತ್ತರಿಂದ ಐವತ್ತು ಮೈಕ್ರಾನ್. ಒಂದು ಸೆಂಟಿಮೀಟರ್ ಎತ್ತರಕ್ಕೆ ಕಡಿಮೆಯೆಂದರೂ ಇನ್ನೂರು ಪದರ, ಪ್ರತಿ ಪದರಕ್ಕೂ ಕ್ಯಾಮೆರಾದಲ್ಲಿ ಫೋಟೋ ತೆಗೆಯಬಹುದು. ಮಷಿನ್ ಲರ್ನಿಂಗ್ ಮಾಡುವವರು ಆ ಕಡೆ ಹರಿದು ಹೋದದ್ದು ಸಹಜ. ನಾನು ಲೇತ್ ಬಿಡಲಿಲ್ಲ. ಹುಬ್ಬಳ್ಳಿಯ ಗೋಕುಲ್ ರೋಡ್, ತಾರಿಹಾಳದ ಸಣ್ಣ ಕೈಗಾರಿಕೆಗಳ ಶೆಡ್ಡುಗಳಲ್ಲಿ ಓಡುವುದು ಲೇತು. ಆ ಶೆಡ್ಡುಗಳ ಕೆಲಸಕ್ಕೆ ಬಾರದ ರಿಸರ್ಚ್ ನನಗೆ ಬೇಕಿರಲಿಲ್ಲ.

ಇನ್ನು ನನ್ನ ಒಬ್ಬ ವಿದ್ಯಾರ್ಥಿನಿಯ ಮಾತು.

ಹಾವೇರಿ ಜಿಲ್ಲೆಯವಳು. ನನ್ನ ಮಗಳ ವಯಸ್ಸು. ಮದುವೆಯಾಗಿ ಚಿಕ್ಕ ಮಗುವಿತ್ತು. ಧಾರವಾಡದಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದು ಪಿಎಚ್‌ಡಿ ಕೆಲಸ ಮಾಡುತ್ತಿದ್ದಳು. ಟಿಪ್ ಕೂರುವ ಹೋಲ್ಡರ್‌ಗೆ ಆಕ್ಸೆಲರೋಮೀಟರ್ ಅಂಟಿಸಿ ನಡುಕ ದಾಖಲಿಸಿದೆವು. ಸೆಕೆಂಡಿಗೆ 20,000 ಅಳತೆ. ಒಂದು ನಿಮಿಷ ಕೆತ್ತಿದರೆ 12 ಲಕ್ಷ ಅಂಕಿ. ಅದನ್ನು ಸೆಕೆಂಡಿನ ಹತ್ತನೇ ಒಂದು ಭಾಗದ ತುಂಡುಗಳಾಗಿ ಮಾಡಿದರೆ ನಿಮಿಷಕ್ಕೆ 600 ತುಂಡು. ಒಂದು ಮೂಲೆ ಹದಿನೈದು ನಿಮಿಷ ಬಾಳಿದರೆ 9,000. ಒಂಬತ್ತು ಮೂಲೆ ಮುಗಿಸುವ ಹೊತ್ತಿಗೆ ಅವಳ ಕಂಪ್ಯೂಟರ್‌ನಲ್ಲಿ ಎಂಬತ್ತು ಸಾವಿರ ಸಾಲು. 27 ಸಾಲಿನಲ್ಲಿ ಪಿಎಚ್‌ಡಿ ಮಾಡಿದ ನನಗೆ ಅದು ಸುಗ್ಗಿಯ ರಾಶಿಯ ಹಾಗೆ ಕಂಡಿತು.

ಹೊಸ ಟಿಪ್, ಅರ್ಧ ಸವೆದದ್ದು, ಸತ್ತದ್ದು ಅಂತ ಮೂರು ಗುಂಪು ಮಾಡಿ ಮಾಡೆಲ್‌ಗೆ ಕಲಿಸಿದಳು. ಸಾಲುಗಳನ್ನು ಚೆನ್ನಾಗಿ ಕಲಸಿ, ನೂರಕ್ಕೆ ಎಂಬತ್ತು ಕಲಿಯಲು, ಇಪ್ಪತ್ತು ಪರೀಕ್ಷೆಗೆ. ಎಲ್ಲರೂ ಹಾಗೇ ಮಾಡುತ್ತಾರೆ. ಉತ್ತರ ಬಂದಾಗ ಅವಳು ಲ್ಯಾಪ್‌ಟಾಪ್ ಹಿಡಿದುಕೊಂಡು ಓಡುತ್ತಾ ಬಂದಳು. ತಪ್ಪೇ ಇಲ್ಲ ಅನ್ನುವಷ್ಟು ಸರಿ. ಅವತ್ತು ಲ್ಯಾಬಿನ ಎಲ್ಲರಿಗೂ ಪೇಡೆ ತರಿಸಿದೆ. ಪೇಪರ್ ಬರೆದೆವು, ಕಳಿಸಿದೆವು.

ಕಳಿಸಿ ಹದಿನೈದು ದಿನಕ್ಕೆ ತಾರಿಹಾಳದ ಒಂದು ಶೆಡ್‌ಗೆ ಸಾಮಾನು ಹೊತ್ತುಕೊಂಡು ಹೋದೆವು. ಅದೇ ಉಕ್ಕು, ಅದೇ ಟಿಪ್. ಮಾಡೆಲ್ ಎಲ್ಲವನ್ನೂ ಹೊಸದು ಅಂದಿತು. ಕೆಂಪಗೆ ಕಿಡಿ ಹಾರುತ್ತಿದ್ದ ಟಿಪ್ ಕೂಡ ಹೊಸದು. ಮಾಲೀಕರು ಒಳ್ಳೆಯವರು, ಏನೂ ಅನ್ನಲಿಲ್ಲ. ಚಹಾ ಕೊಟ್ಟು ಕಳಿಸಿದರು. ವಾಪಸ್ ಬರುವಾಗ ಅವಳು ಒಂದು ಮಾತೂ ಆಡಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗಿನ ಜಾವ ಎದ್ದು ಕೂತಾಗ ಹೊಳೆದದ್ದು ಬಹಳ ಸಣ್ಣ ವಿಷಯ. ಸೆಕೆಂಡಿನ ಹತ್ತನೇ ಒಂದು ಭಾಗದ ತುಂಡುಗಳು ಅಕ್ಕಪಕ್ಕದವು, ಅವಳಿ ಮಕ್ಕಳ ಹಾಗೆ. ಒಂದನ್ನು ಕಲಿಯಲು ಕೊಟ್ಟು ಅದರ ಅವಳಿಯನ್ನು ಪರೀಕ್ಷೆಗೆ ಇಟ್ಟರೆ ಮಾಡೆಲ್ ಗುರುತು ಹಿಡಿಯದೇ ಇರುತ್ತದಾ? ಒಂದೇ ಚೀಲದ ಜೋಳದಲ್ಲಿ ಒಂದು ಹಿಡಿ ತೆಗೆದು ರುಚಿ ನೋಡಿ, ಅದೇ ಚೀಲದ ಇನ್ನೊಂದು ಹಿಡಿಯನ್ನು ಪರೀಕ್ಷೆ ಮಾಡಿ, ಈ ವರ್ಷದ ಇಡೀ ತಾಲ್ಲೂಕಿನ ಬೆಳೆ ಹೀಗೇ ಇದೆ ಅಂದ ಹಾಗಾಯಿತು. ಎಂಬತ್ತು ಸಾವಿರ ಸಾಲು ಇದ್ದದ್ದು ನಿಜ. ಆದರೆ ಚೀಲಗಳು ಒಂಬತ್ತೇ.

ಬೆಳಿಗ್ಗೆ ಅವಳಿಗೆ ಹೇಳಿದೆ: ಎಂಟು ಮೂಲೆ ಕಲಿಯಲು, ಒಂಬತ್ತನೆಯದು ಪರೀಕ್ಷೆಗೆ. ಆ ಒಂಬತ್ತನೆಯದರ ಒಂದು ಸಾಲೂ ಕಲಿಯುವಾಗ ಕಣ್ಣಿಗೆ ಬೀಳಬಾರದು. ಹೀಗೆ ಸರದಿಯಲ್ಲಿ ಒಂಬತ್ತು ಸಲ. ನಮ್ಮ ಲ್ಯಾಬಿನ ಡೇಟಾದಲ್ಲಿ ಕೂಡ ಅಂಕ ಕುಸಿಯುತ್ತದೆ ಅಂದುಕೊಂಡಿದ್ದೆ. ಕುಸಿಯಿತು, ಆದರೆ ನಾನು ಎಣಿಸಿದಷ್ಟಲ್ಲ. ಅದು ಇನ್ನೂ ದೊಡ್ಡ ಒಗಟು. ಲ್ಯಾಬಿನಲ್ಲಿ ಕಾಣದ ಟಿಪ್‌ಗೂ ತಕ್ಕಮಟ್ಟಿಗೆ ನಡೆಯುವುದು ತಾರಿಹಾಳದಲ್ಲಿ ಯಾಕೆ ಸ್ವಲ್ಪವೂ ನಡೆಯಲಿಲ್ಲ?

ಆಗ ಕಾಕಾ ನೆನಪಾದರು. ರಿಟೈರ್ ಆಗಿ ವರ್ಷಗಳೇ ಆಗಿದ್ದವು. ಫೋನ್ ಮಾಡಿದರೆ ಮರುದಿನವೇ ಬಂದರು. ಲ್ಯಾಬಿನಲ್ಲಿ ದಾಖಲಾದ ನಡುಕವನ್ನೇ ಸದ್ದಾಗಿ ಮಾಡಿ ಹೆಡ್‌ಫೋನ್‌ನಲ್ಲಿ ಕೇಳಿಸಿದೆವು. ಯಾವುದು ಹೊಸ ಟಿಪ್, ಯಾವುದು ಸತ್ತದ್ದು, ನೀವೇ ಹೇಳಿ ಅಂದೆವು. ಅವರು ಕಣ್ಣು ಮುಚ್ಚಿ ಕೂತರು. ಒಂದು ಸರಿ, ಒಂದು ತಪ್ಪು, ಮತ್ತೆ ತಪ್ಪು. ಅವರಿಗೇ ಬೇಜಾರಾಯಿತು. ಐದನೆಯದೋ ಆರನೆಯದೋ ಕೇಳುವಾಗ ಕಣ್ಣು ಬಿಟ್ಟರು.

"ಇದು ಟಿಪ್ಪಿನ ಸಪ್ಪಳ ಅಲ್ರಿ ಸರ್ರ. ಹಿಂದ ಕಂಪ್ರೆಸರ್ ಓಡಾಕತ್ತೈತಿ, ಕೇಳ್ರಿ."

ನಾನು ಕೇಳಿದೆ. ಸದ್ದಿನ ತಳದಲ್ಲಿ ಒಂದು ಗುಡುಗುಡು. ಅವಳು ಲಾಗ್‌ಬುಕ್ ತೆಗೆದಳು. ಪ್ರತಿ ಮೂಲೆಯನ್ನೂ ಬೆಳಿಗ್ಗೆ ಹೊಸದಾಗಿ ಶುರು ಮಾಡುತ್ತಿದ್ದಳು. ನಡುನಡುವೆ ನಿಲ್ಲಿಸಿ, ಬಿಚ್ಚಿ, ಅಳೆದು, ಮತ್ತೆ ಕೂರಿಸಿ, ಅದು ಸಾಯುವ ಹೊತ್ತಿಗೆ ಮಧ್ಯಾಹ್ನ ಮೂರು ಆಗುತ್ತಿತ್ತು. ಗೋಡೆಯಾಚೆಯ ಸೆಕ್ಷನ್‌ನಲ್ಲಿ ಊಟವಾದ ಮೇಲೆ ಕಂಪ್ರೆಸರ್ ಹಾಕುತ್ತಿದ್ದರು. ಎರಡಕ್ಕೂ ನೆಲ ಒಂದೇ. ನಡುಕ ನೆಲದಲ್ಲಿ ಹಾದು ಲೇತ್‌ಗೆ ಬರುತ್ತಿತ್ತು. ಕಂಪ್ರೆಸರ್ ಇದ್ದರೆ ಸತ್ತ ಟಿಪ್, ಇಲ್ಲದಿದ್ದರೆ ಹೊಸ ಟಿಪ್. ನಮ್ಮ ಮಾಡೆಲ್ ಕಲಿತದ್ದು ಹೆಚ್ಚುಕಡಿಮೆ ಇಷ್ಟೇ. ತಾರಿಹಾಳದ ಆ ಶೆಡ್‌ನಲ್ಲಿ ಕಂಪ್ರೆಸರ್ ಇರಲಿಲ್ಲ.

ಆಮೇಲೆ ಕಾಕಾರನ್ನು ಲೇತ್ ಮುಂದೆಯೇ ನಿಲ್ಲಿಸಿದೆವು. ಅಲ್ಲಿ ಒಂದೂ ತಪ್ಪಲಿಲ್ಲ. ನಾನು ಅವರ ಕೈಗಳನ್ನೇ ನೋಡುತ್ತಿದ್ದೆ. ಎಡಗೈ ಸ್ಲೈಡಿನ ಹಿಡಿಕೆಯ ಮೇಲಿತ್ತು, ಸುಮ್ನೆ ಇಟ್ಟ ಹಾಗೆ. ಕಣ್ಣು ಕೆತ್ತಿ ಬರುವ ಸುರುಳಿಯ ಮೇಲಿತ್ತು. ಟಿಪ್ ಹೊಸದಿದ್ದಾಗ ಆ ಸುರುಳಿ ಜೋಳದ ದಂಟಿನ ಬಣ್ಣ. ಸವೆಯುತ್ತಾ ಬಿಸಿ ಏರಿದ ಹಾಗೆ ಕಂದು, ಆಮೇಲೆ ನವಿಲಿನ ಕತ್ತಿನ ನೀಲಿ. ಕೆತ್ತಿಸಿಕೊಂಡ ಶಾಫ್ಟಿನ ಹೊಳಪನ್ನೂ ಆಗಾಗ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಸಪ್ಪಳ ಅಂತ ಅವರು ಅಂದದ್ದು ಇದೆಲ್ಲ ಕೂಡಿದ್ದಕ್ಕೆ. ಅವರಿಗೇ ಅದು ಗೊತ್ತಿರಲಿಲ್ಲ. ಆ ಒಂದು ಮಾತನ್ನು ಹಿಡಿದು ಇಷ್ಟು ವರ್ಷ ನಾನು ಬರೀ ಸದ್ದನ್ನು ಹುಡುಕುತ್ತಾ ಬಂದಿದ್ದೆ.

ಪೇಪರ್ ವಾಪಸ್ ತೆಗೆದುಕೊಳ್ಳೋಣ ಅಂದೆ. ಹೇಳುವುದು ಸುಲಭ ಇರಲಿಲ್ಲ. ಅವಳಿಗೆ ಥೀಸಿಸ್ ಕೊಡಲು ಪೇಪರ್ ಬೇಕು. ಎಂಟು ತಿಂಗಳ ಕೆಲಸ. ಮನೆಯಲ್ಲಿ ಮಗು. ಡಿಪಾರ್ಟ್‌ಮೆಂಟಿನಲ್ಲಿ ವರ್ಷಕ್ಕೆ ಎಷ್ಟು ಪೇಪರ್ ಅಂತ ಎಣಿಸುವ ಕಾಲ ಅದು. ಬಂದ ಪೇಪರನ್ನು ಬಿಡುವ ಮೇಷ್ಟ್ರನ್ನು ಯಾರೂ ಹೊಗಳುವುದಿಲ್ಲ. ಒಬ್ಬ ಸಹೋದ್ಯೋಗಿ ಬಂದು, ಎಲ್ಲರೂ ಮಾಡೋದು ಇದನ್ನೇ ಅಲ್ವಾ, ಅವಳ ಜೀವನ ಯಾಕೆ ಹಾಳು ಮಾಡ್ತೀರಿ ಅಂತ ಕೇಳಿದರು. ಎಲ್ಲರೂ ಮಾಡುತ್ತಾರೆ ಅನ್ನುವುದು ಬಹುಮಟ್ಟಿಗೆ ನಿಜ. ಈ ಕ್ಷೇತ್ರದಲ್ಲಿ ಜಗತ್ತೆಲ್ಲ ಬಳಸುವ ಒಂದು ಡೇಟಾ ಇದೆ, 2010ರ ಪಿಎಚ್‌ಎಂ ಸ್ಪರ್ಧೆಯದು. ಟೂಲ್ ಎಷ್ಟು ಸವೆದಿದೆ ಅಂತ ಡೇಟಾದಿಂದಲೇ ಹೇಳುವ ಸ್ಪರ್ಧೆ ಅದು. ಅದರಲ್ಲಿ ಇರುವುದು ಆರು ಕಟರ್. ಸವೆತದ ಅಳತೆ ಕೊಟ್ಟಿರುವುದು ಮೂರಕ್ಕೆ. ಆ ಮೂರನ್ನು ಕಲಸಿ ಹಂಚಿ ನೂರಕ್ಕೆ ನೂರು ತೋರಿಸುವ ಪೇಪರ್‌ಗಳನ್ನು ನಾನೇ ಓದಿದ್ದೇನೆ.

ಅವಳನ್ನು ಕೂರಿಸಿಕೊಂಡು, "ನಿನಗೇನ ಅನಸ್ತೈತವಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಸರ್, ಆ ಶೆಡ್ಡಿಗೆ ಮತ್ತೊಮ್ಮೆ ಹೋಗ್ಬೇಕಲ್ರಿ ನಾವು" ಅಂದಳು.

ಮತ್ತೆ ಶುರು ಮಾಡಿದೆವು. ಈ ಸಲ ಒಂಬತ್ತು ಟಿಪ್, 36 ಮೂಲೆ. ಕಂಪ್ರೆಸರ್ ಇದ್ದಾಗ ಅರ್ಧ, ಇಲ್ಲದಾಗ ಅರ್ಧ. ಯಾವ ಮೂಲೆ ಬೆಳಿಗ್ಗೆ, ಯಾವುದು ಮಧ್ಯಾಹ್ನ ಅನ್ನುವುದನ್ನು ನಾವು ತೀರ್ಮಾನಿಸುವ ಹಾಗಿಲ್ಲ, ಚೀಟಿ ಎತ್ತಬೇಕು. ಈ ಬುದ್ಧಿ ಹೊಲದಿಂದ ಬಂದದ್ದು. ರೊನಾಲ್ಡ್ ಫಿಶರ್ 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಬೆಳೆಗಳ ಪ್ರಯೋಗ ಮಾಡುವಾಗ, ಯಾವ ಮಡಿಗೆ ಯಾವ ಗೊಬ್ಬರ ಅನ್ನುವುದನ್ನು ಮನುಷ್ಯ ಆರಿಸಬಾರದು ಅಂದ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಗೆಳೆಯರೊಬ್ಬರಿಗೆ ನಮ್ಮ ಕಂಪ್ರೆಸರ್ ಕಥೆ ಹೇಳಿದಾಗ ಅವರು ಅಚ್ಚರಿಪಟ್ಟರು. ನಮ್ಮ ಹುಡುಗರು ಬದನೆ ಗಿಡಕ್ಕೂ ಚೀಟಿ ಎತ್ತುತ್ತಾರಲ್ಲ ಅಂದರು. ನಾವು ಚೀಟಿ ಹಾಕಿ ಎತ್ತಿದ್ದು ಇದೇ ಒಗ್ಗರಣೆ ಡಬ್ಬಿಯಲ್ಲಿ. ಕೆಲಸ ಮುಗಿದ ಟಿಪ್‌ಗಳನ್ನು ಅದೇ ಚೀಟಿಗಳಲ್ಲಿ ಸುತ್ತಿ ಅದರಲ್ಲೇ ಇಡುತ್ತಾ ಹೋದಳು.

ಉತ್ತರ ಮೊದಲಿನಷ್ಟು ಚೆಂದ ಬರಲಿಲ್ಲ. ಹೊಸದು, ಸತ್ತದ್ದು, ಎರಡನ್ನೂ ಮಾಡೆಲ್ ಸರಿಯಾಗಿ ಹಿಡಿಯುತ್ತಿತ್ತು. ನಡುವಿನದರಲ್ಲಿ ತಡವರಿಸುತ್ತಿತ್ತು. ಒಂದು ಜರ್ನಲ್ ಬೇಡ ಅಂದಿತು, ಇನ್ನೊಂದು ತೆಗೆದುಕೊಂಡಿತು. ನನ್ನ ಪೇಪರ್‌ಗಳಲ್ಲಿ ಯಾರ ಮುಂದಾದರೂ ಇಟ್ಟು, ಕೇಳಿ, ಉತ್ತರ ಕೊಡುತ್ತೇನೆ ಅನ್ನಬಹುದಾದದ್ದು ಅದು. ತಾರಿಹಾಳದಲ್ಲಿ ಮಾಲೀಕರ ಮುಂದೆ ಓಡಿಸಿ ತೋರಿಸಿದೆವು. ಅವರು ಗಮನವಿಟ್ಟು ನೋಡಿ ಕೇಳಿದರು: "ಸರ್, ನಾಳೆ ನಾ ಬ್ಯಾರೆ ಕಂಪನಿ ಟಿಪ್ ತಂದೆ ಅಂದ್ರ ಇದು ನಡೀತೈತೇನ್ರಿ?"

ನಡೆಯುತ್ತಿರಲಿಲ್ಲ. ಹಾಗೇ ಹೇಳಿದೆ. ಬೇರೆ ಟಿಪ್, ಬೇರೆ ಉಕ್ಕು, ಬೇರೆ ಲೇತ್ ಆದರೆ ಮತ್ತೆ ಮೊದಲಿಂದ ಕಲಿಸಬೇಕು. ಆ ಪ್ರಶ್ನೆಯ ಮೇಲೆ ಮುಂದಿನ ಇಬ್ಬರು ವಿದ್ಯಾರ್ಥಿಗಳು ಕೆಲಸ ಮಾಡಿದರು. ದುಬಾರಿ ಸೆನ್ಸರ್ ಬಿಟ್ಟು ಮೋಟಾರ್ ಎಳೆಯುವ ಕರೆಂಟನ್ನೇ ಅಳೆಯುವುದು ಒಂದು ದಾರಿ. ಟಿಪ್ ಮೊಂಡಾದರೆ ಮೋಟಾರ್‌ಗೆ ಹೊರೆ ಜಾಸ್ತಿ, ಕರೆಂಟ್ ಜಾಸ್ತಿ. ವೈರಿಗೆ ಒಂದು ಕ್ಲಾಂಪ್ ಹಾಕಿದರೆ ಸಾಕು, ಸಣ್ಣ ಶೆಡ್ಡಿಗೂ ಎಟುಕುತ್ತದೆ. ಆದರೆ ಸಣ್ಣ ಬದಲಾವಣೆ ಅದರಲ್ಲಿ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಇನ್ನೊಂದು ದಾರಿ ಕಾಕಾರದ್ದು, ಸುರುಳಿಯ ಬಣ್ಣ ನೋಡುವ ಕ್ಯಾಮೆರಾ. ಟಿಪ್ ತಣ್ಣಗಿಡಲು ಸುರಿಯುವ ಕೂಲಂಟ್ ಹಾಕಿದ ಕ್ಷಣ ಲೆನ್ಸ್ ಮಂಜಾಗುತ್ತದೆ, ಸುರುಳಿಗೂ ಆ ಬಣ್ಣ ಏರುವುದಿಲ್ಲ. ಎರಡನ್ನೂ ಕೂಡಿಸಿ ನೋಡುವ ಕೆಲಸ ಅರ್ಧಕ್ಕೆ ನಿಂತಿದೆ. ಅದನ್ನು ನಾನು ಮುಗಿಸುವುದಿಲ್ಲ, ಜೂನ್ ಹತ್ತಿರ ಬಂತು.

ಕಾಕಾ ಈಗಿಲ್ಲ. ಅವಳಿಗೆ ಪಿಎಚ್‌ಡಿ ಆಯಿತು, ಹಾವೇರಿ ಕಡೆ ಪಾಠ ಮಾಡುತ್ತಾಳೆ. ಹುಡುಗರಿಗೆ ಏನು ಕಲಿಸ್ತೀ ಅಂತ ಕೇಳಿದರೆ, ಮೊದಲು ಲಾಗ್‌ಬುಕ್ ಬರೆಯೋದು ಸರ್ ಅಂದಳು.

ಹೋದ ವಾರ ಡಿಪಾರ್ಟ್‌ಮೆಂಟಿಗೆ ಹೊಸದಾಗಿ ಸೇರಿದ ಹುಡುಗ ಕ್ಯಾಬಿನ್‌ಗೆ ಬಂದಿದ್ದ. ಕಂಪ್ಯೂಟರ್ ಸೈನ್ಸ್ ಓದಿದವನು, ಮಷಿನ್ ಲರ್ನಿಂಗ್ ನನಗಿಂತ ಎಷ್ಟೋ ಚೆನ್ನಾಗಿ ಗೊತ್ತು. ನಮ್ಮ ಡೇಟಾ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ. ತೆರೆದು ನೋಡಿ, "ಸರ್, ಇಷ್ಟೊಂದು ಸಾಲು ಇದ್ಯಲ್ಲ!" ಅಂತ ಖುಷಿಪಟ್ಟ. ಡ್ರಾಯರ್ ಎಳೆದು ಡಬ್ಬಿ ಅವನ ಮುಂದಿಟ್ಟೆ. ಕಾರ್ಬೈಡ್ ಗುಜರಿಗೆ ಕಿಲೋಗೆ ಒಳ್ಳೇ ರೇಟ್ ಇದೆಯಂತೆ ಸರ್ ಅಂದ. ನಾನು ಅವನನ್ನು ಕರೆದುಕೊಂಡು ಲ್ಯಾಬಿಗೆ ಹೋದೆ. ಒಂದು ಚೀಟಿ ಬಿಚ್ಚಿ, ಟಿಪ್ ತೆಗೆದು, ಬಟ್ಟೆಯಲ್ಲಿ ಒರೆಸಿ, ಮೈಕ್ರೋಸ್ಕೋಪ್ ಕೆಳಗೆ ಇಟ್ಟು, ನೋಡು ಅಂದೆ.

ಸ್ವಲ್ಪ ಹೊತ್ತು ಗುಬುಟು ತಿರುಗಿಸುತ್ತಾ ಇದ್ದ.

"ಸರ್, ಮೂಲೆ ಹತ್ರ ಒಂದು ಬಿಳಿ ಪಟ್ಟಿ ಹೊಳೀತಿದೆ."

"ಎಷ್ಟಿದೆ, ಅಳಿ" ಅಂದೆ. ಚೀಟಿಯನ್ನು ಮಡಚಿ ನನ್ನ ಕೈಯಲ್ಲೇ ಇಟ್ಟುಕೊಂಡೆ.